ತಡವಾಗಿ ಬರುವ ಚಪ್ಪಾಳೆ

ಮಗಳನ್ನು ಆನ್‌ಲೈನ್ ಸಂಗೀತದ ಕ್ಲಾಸಿಗೆ ಸೇರಿಸಿದ್ದು ಅವಳು ದೊಡ್ಡ ಗಾಯಕಿಯಾಗಲಿ ಎಂದಲ್ಲ. ನಮ್ಮ ಮನೆಯಲ್ಲಿ ಹಾಡುವವರಿಗೇನೂ ಬರಗಾಲವಿಲ್ಲ. ನನ್ನ ಅತ್ತೆ ಒಬ್ಬರೇ ಸಾಕು. ಇಗರ್ಜಿಯ ಗಾಯನ ಮಂಡಳಿಯಲ್ಲಿ ವರ್ಷಗಟ್ಟಲೆ ಹಾಡಿದವರು, ಈಗಲೂ ಬಂಗುಡೆ ಕೊಯ್ಯುತ್ತಾ ಹಾಡಿದರೆ ಜೆಪ್ಪುವಿನ ನಮ್ಮ ಓಣಿಯ ಕೊನೆಯವರೆಗೆ ಕೇಳಿಸುತ್ತದೆ. ನಾನು ಕ್ಲಾಸಿಗೆ ಸೇರಿಸಿದ್ದು ಗಂಡನಿಗಾಗಿ. ಅವನು ಗಲ್ಫಿನಲ್ಲಿ ಒಂದು ಗೋದಾಮಿನ ಮೇಲ್ವಿಚಾರಕ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಮುಂದಿನ ರಜೆಯಲ್ಲಿ ಬಂದಾಗ ಮಗಳು ಅವನ ಹತ್ತಿರ ಹೋಗಬೇಕು, ನನಗೆ ಬೇಕಿದ್ದದ್ದು ಅಷ್ಟೇ.

(ನಮ್ಮ ಕೊಂಕಣಿಯಲ್ಲಿ ಗಂಡನನ್ನು 'ನೀನು' ಎಂದೇ ಕರೆಯುವುದು. ಕನ್ನಡದಲ್ಲಿ ಬರೆಯುವಾಗಲೂ ನನಗೆ ಹಾಗೆಯೇ ಬರುತ್ತದೆ. ಓದುವವರು ಬೈದುಕೊಳ್ಳಬಾರದು.)

ಹಿಂದಿನ ರಜೆಯ ಕತೆ ಹೇಳದಿದ್ದರೆ ನನ್ನ ತಲೆಬಿಸಿ ಯಾರಿಗೂ ಅರ್ಥವಾಗುವುದಿಲ್ಲ. ಆಗ ಅವಳಿಗೆ ಒಂದೂವರೆ ವರ್ಷ. ಬಜ್ಪೆ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಬಂದಿಳಿದವನು ಚಪ್ಪಲಿ ಕೂಡ ಬಿಚ್ಚದೆ ಅವಳತ್ತ ಕೈ ಚಾಚಿದ. ಅವಳು ಕಿರುಚಿದ್ದು ನೋಡಬೇಕು! ಪಕ್ಕದ ಮನೆಯ ತುಳು ಮಾತಾಡುವ ಅಕ್ಕ ಒಗೆಯುವ ಕಲ್ಲಿನ ಹತ್ತಿರದಿಂದ ಓಡಿ ಬಂದರು, ಮಗು ಬಿದ್ದಿತೋ ಏನೋ ಎಂದು. ಮೊದಲ ದಿನ ಹಾಗೆಯೇ, ನಾಳೆ ಸರಿಯಾಗುತ್ತದೆ ಎಂದರು ಎಲ್ಲರೂ. ಸರಿಯಾಗಲಿಲ್ಲ. ಅವನು ಕೋಣೆಗೆ ಬಂದರೆ ಅವಳಿಗೆ ಅಳು, ಹೊರಗೆ ಹೋದರೆ ಸುಮ್ಮನೆ. ಇಡೀ ತಿಂಗಳು ಅವನು ಹಾಲ್‌ನ ಸೋಫಾದಲ್ಲಿ ಮಲಗಿದ. ತಂದ ಗೊಂಬೆಯನ್ನು ಅವಳ ಹತ್ತಿರ ಇಟ್ಟು ತಾನು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದ, ಅವನು ಮರೆಯಾದ ಮೇಲೆ ಅವಳು ಗೊಂಬೆ ಎತ್ತಿಕೊಳ್ಳುತ್ತಿದ್ದಳು. ಹೊರಡುವ ದಿನ ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವಳ ಪಾದ ಮುಟ್ಟಿ ನೋಡಿದ, ಅಷ್ಟೇ. ಒಂದು ತಿಂಗಳ ರಜೆಯಲ್ಲಿ ಅವನಿಗೆ ಸಿಕ್ಕಿದ್ದು ಆ ಪಾದ.

ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ಫೋನಿನಲ್ಲಿ ನಗುತ್ತಲೇ ಹೇಳಿದ, "ಮುಂದಿನ ಸಲ ಬರ್ಲಿಕ್ಕೇ ಬೇಡ ಅಲ್ವಾ? ಪಾಪ, ಮಗುವಿಗೆ ಸುಮ್ಮನೆ ಉಪದ್ರ."

ನಾನು ಸಿಟ್ಟಿನವಳು. "ಎಂತ ಮಾತಾಡ್ತಿ ನೀನು? ಮಗು ನಿನ್ನದಾ, ನೆರೆಮನೆಯವರದ್ದಾ?" ಎಂದು ಬೈದು ಫೋನ್ ಇಟ್ಟೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ನಗುತ್ತಾ ಹೇಳಿದ ಮಾತು ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಹೋಗಲಿಲ್ಲ.

ವಿಡಿಯೋ ಕಾಲ್ ಇತ್ತಲ್ಲ ಎನ್ನಬಹುದು. ಇತ್ತು, ದಿನವೂ ಇತ್ತು. "ಪಪ್ಪನಿಗೆ ಹಾಯ್ ಹೇಳು" ಎಂದರೆ ಒಂದು ಹಾಯ್, "ಮುತ್ತು ಕೊಡು" ಎಂದರೆ ಗಾಜಿನ ಮೇಲೆ ಒಂದು ಎಂಜಲು ಗುರುತು, ಆಮೇಲೆ ಮಗಳು ನಾಪತ್ತೆ. ಅವನು ಖಾಲಿ ಗೋಡೆ ನೋಡುತ್ತಾ ಕೂರುತ್ತಿದ್ದ. ಮೂರು ವರ್ಷದ ಮಗುವಿಗೂ ಗೋದಾಮಿನ ಮೇಲ್ವಿಚಾರಕನಿಗೂ ದಿನವೂ ಮಾತಾಡಲು ಏನಿರುತ್ತದೆ, ಹೇಳಿ?

ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ವಾರ್ಡಿನ ಇನ್ನೊಬ್ಬ ನರ್ಸ್ ತನ್ನ ಮಗನನ್ನು ಇಂಥ ಕ್ಲಾಸಿಗೆ ಸೇರಿಸಿದ್ದಳು. ಐದು ವರ್ಷದೊಳಗಿನ ಮಕ್ಕಳಿಗೆ, ಆದರೆ ಮಗು ಒಂದೇ ಅಲ್ಲ, ಮನೆಯವರೆಲ್ಲ ಸೇರಿ ಕೂರಬೇಕು. ವಾರಕ್ಕೊಮ್ಮೆ, ಶನಿವಾರ ಸಂಜೆ, ಮುಕ್ಕಾಲು ಗಂಟೆ. "ದೂರ ಇರುವವರು ಬೇರೆ ಫೋನಿನಿಂದ ಸೇರಬಹುದು. ನಮ್ಮ ಕ್ಲಾಸಿಗೆ ಒಬ್ಬ ಅಜ್ಜ ಹಾಗೆ ಬರ್ತಾರೆ," ಎಂದಳು. ನನ್ನ ಕಿವಿ ನೆಟ್ಟಗಾಯಿತು. ಶನಿವಾರ ನಮ್ಮ ಸಂಜೆಯ ಹೊತ್ತಿಗೆ ಅವನಿಗೆ ಅಲ್ಲಿ ಚಹಾದ ಬಿಡುವು. ಅವನ ಮುಂದಿನ ರಜೆಗೆ ಇನ್ನು ಎಂಟು ತಿಂಗಳಿತ್ತು.

ಅತ್ತೆಗೆ ಹೇಳಿದೆ. ಅವರು ಈಳಿಗೆಯಿಂದ ತಲೆ ಎತ್ತಲಿಲ್ಲ. "ಹಾಡಲಿಕ್ಕೆ ಕಲಿಸಲು ನಾನು ಇಲ್ಲಿ ಸತ್ತಿದ್ದೇನಾ?" ಎಂದರು. ಆದರೆ ಶನಿವಾರ ಬಂದಾಗ ನೋಡುತ್ತೇನೆ, ಇಗರ್ಜಿಯ ಪೂಜೆಗೆ ಉಡುವ ಸೀರೆ ಉಟ್ಟು, ಪೌಡರ್ ಹಾಕಿ, ಚಾಪೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ, ಫೋಟೋಗೆ ಕೂತ ಹಾಗೆ.

ಮೊದಲ ನಾಲ್ಕು ವಾರ ನಾನು ಮಾಡಿದ ಹುಚ್ಚಾಟ ನೆನೆದರೆ ಈಗಲೂ ನಾಚಿಕೆ. ನರ್ಸ್ ಅಲ್ಲವೇ, ಕ್ಲಾಸನ್ನೂ ಔಷಧಿಯ ಹಾಗೆ ಕುಡಿಸಲು ಹೋದೆ. ಮಗಳನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಟೀಚರ್ ತಾಳ ಹಾಕಿದಾಗ ಅವಳ ಎರಡೂ ಕೈ ಹಿಡಿದು ನಾನೇ ತಟ್ಟಿಸಿದೆ. ಅತ್ತ ತಿರುಗಿದರೆ ಗಲ್ಲ ಹಿಡಿದು ಇತ್ತ ತಿರುಗಿಸಿದೆ. "ನೋಡು ಪಪ್ಪ, ನೋಡು ಪಪ್ಪ" ಎಂದು ನೂರು ಸಲ ತೋರಿಸಿದೆ. ಬಿಸ್ಕಿಟಿನ ಆಸೆ ಹುಟ್ಟಿಸಿದೆ. ಫಲ ಏನು? ಐದನೆಯ ಶನಿವಾರ ಫೋನನ್ನು ಚಾಪೆಯ ಎದುರಿಗಿಟ್ಟ ಕೂಡಲೇ ಅವಳು ಮಂಚದ ಅಡಿಗೆ ನುಗ್ಗಿದಳು. ಪರದೆಯಲ್ಲಿ ಅವಳ ಅಪ್ಪ, ಹಿಂದೆ ಎತ್ತರಕ್ಕೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಕೈಯಲ್ಲಿ ಚಹಾದ ಕಾಗದದ ಲೋಟ, ಸುಮ್ಮನೆ ಕೂತಿದ್ದ. ನನಗೆ ಅಳುವೇ ಬಂತು.

ಕ್ಲಾಸ್ ಮುಗಿದ ಮೇಲೆ ಟೀಚರ್ ತಾವಾಗಿ ಫೋನ್ ಮಾಡಿದರು. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. "ಬೇಜಾರು ಮಾಡ್ಕೋಬೇಡಿ. ನೀವು ಅವಳನ್ನ ನೋಡ್ತಾ ಇರ್ತೀರ, ಒಂದ್ಸಲನೂ ಹಾಡೋದಿಲ್ಲ. ನೀವು ಹಾಡಿ, ನೀವು ಕುಣೀರಿ. ಅವಳು ಓಡಾಡಿದ್ರೆ ಓಡಾಡ್ಲಿ. ಫೋನ್ ನೆಲದ ಹತ್ತಿರ ಇಡಿ, ಅವಳ ಕಣ್ಣಿನ ಎತ್ತರಕ್ಕೆ. ಕೈಗೆ ಸಿಗೋ ಹಾಗೆ ಒಂದು ಬುಟ್ಟಿ ಇಡಿ, ಸೌಟು ಗಿವಟು ಏನಾದ್ರೂ. ಕೊಡಬೇಡಿ, ಬರೀ ಇಡಿ."

ನಾನು ಹಾಡುವುದೆಂದರೆ! ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನನಗೆ 'ಬಾಯಿ ಮಾತ್ರ ಆಡಿಸು' ಎಂದು ಸಿಸ್ಟರ್ ಹೇಳಿದ್ದರು. ಆದರೂ ಮಾಡಿದೆ. ಬುಟ್ಟಿಗೆ ಎರಡು ತೆಂಗಿನ ಗೆರಟೆ, ಮರದ ಸೌಟು, ಹೆಸರುಕಾಳು ತುಂಬಿ ಬಾಯಿ ಬಿಗಿದ ಬಾಟಲಿ, ನನ್ನ ಹಳೆಯ ದುಪಟ್ಟಾ ಹಾಕಿದೆ. ಕುರ್ಚಿಯ ಬೆಲ್ಟ್ ತೆಗೆದೆ. ಕತ್ತೆ ಅರಚಿದ ಹಾಗೆ ಹಾಡಿದೆ. ಅತ್ತೆ, "ದೇವರೇ, ನನ್ನ ಮಗ ಇದನ್ನು ಕಿವಿಯಾರೆ ಕೇಳಿಯೇ ಗಲ್ಫಿಗೆ ಓಡಿದ್ದು," ಎಂದು ನಕ್ಕರು, ಕುರ್ಚಿ ಬಿಟ್ಟು ಚಾಪೆಗೆ ಇಳಿದು ಗೆರಟೆ ಕುಟ್ಟತೊಡಗಿದರು. ಮಗಳು ಮಂಚದ ಅಡಿಯಿಂದ ಇಣುಕಿದಳು. ಎರಡು ವಾರದಲ್ಲಿ ಬುಟ್ಟಿಯ ಹತ್ತಿರ ಬಂದಳು. ಮತ್ತೆರಡು ವಾರಕ್ಕೆ ಶನಿವಾರ ಯಾವಾಗ ಎಂದು ಕೇಳತೊಡಗಿದಳು.

ಕ್ಲಾಸಿನಲ್ಲಿ ಎಲ್ಲರ ಮೈಕು ಬಂದ್ ಆಗಿರುತ್ತದೆ, ಇಲ್ಲದಿದ್ದರೆ ಬೆಳಗಿನ ದಕ್ಕೆಯಲ್ಲಿ ಮೀನು ಹರಾಜಾದ ಹಾಗೆ ಗಲಾಟೆ. ಮೊದಲಿಗೆ ಮಾತ್ರ ಟೀಚರ್ ಒಂದೊಂದೇ ಮನೆಯನ್ನು ಕರೆದು ಮೈಕು ಬಿಡಿಸುತ್ತಾರೆ. ಮಗು ಎರಡು ಚಪ್ಪಾಳೆ ತಟ್ಟಬೇಕು, ಮನೆಯವರು ಎರಡು ಚಪ್ಪಾಳೆಯಲ್ಲಿ ಉತ್ತರ ಕೊಡಬೇಕು. ನಾನು ಬಂದೆ ಎಂದು ಮಗು ಹೇಳಿದ ಹಾಗೆ, ನಾನೂ ಇದ್ದೇನೆ ಎಂದು ದೊಡ್ಡವರು ಹೇಳಿದ ಹಾಗೆ. ನಮ್ಮ ಮನೆಯ ಉತ್ತರ ಪಪ್ಪನದ್ದೇ ಆಗಬೇಕು ಎಂದು ನಾನು ಮೊದಲೇ ಹೇಳಿಟ್ಟಿದ್ದೆ.

ಅವಳು ಮೊದಲ ಸಲ ತಾನಾಗಿ ತಟ್ಟಿದ ದಿನ ನಾನು ಪರದೆಯತ್ತ ಬಗ್ಗಿಬಿಟ್ಟೆ. ಟಪ್ ಟಪ್. ಆಮೇಲೆ ಏನೂ ಇಲ್ಲ. ಅವನು ಪರದೆಯಲ್ಲಿ ಕಣ್ಣು ಅರಳಿಸಿ ಕೂತೇ ಇದ್ದಾನೆ. ತಟ್ಟು ಮಾರಾಯ, ತಟ್ಟು, ಎಂದು ನನ್ನ ಒಳಗೆಲ್ಲ ಕಿರುಚಾಟ. ಆಗ ಬಂತು, ಗೋದಾಮಿನ ತಗಡಿನ ಗೋಡೆಗೆ ಬಡಿದು ಬಂದ ದೊಡ್ಡ ಟಪ್ ಟಪ್. ಮಗಳು ಕೂಡಲೇ ನಕ್ಕಳು.

ಅಲ್ಲಿಂದ ಇಲ್ಲಿಗೆ ಬರುವ ಹೊತ್ತಿಗೆ ಶಬ್ದಕ್ಕೆ ತಡವಾಗುತ್ತಿತ್ತು. ನಾಡಿ ನೋಡಿ ರೂಢಿಯಾದವಳು ನಾನು, ವಾಚಿನ ಸೆಕೆಂಡಿನ ಮುಳ್ಳು ನೋಡಿ ಎಣಿಸಿದೆ. ಎರಡು ಸೆಕೆಂಡು, ಮಳೆಯ ದಿನ ಮೂರು. ದೊಡ್ಡವರಿಗೆ ಅದೇನು ದೊಡ್ಡ ಸಂಗತಿಯಲ್ಲ. ಆದರೆ ಎದುರು ಕೈ ಎತ್ತಿ ಕಾಯುವ ಮಗುವಿನ ಮುಖ ನೋಡಿದರೆ ಆ ಮೂರು ಸೆಕೆಂಡು ಮುಗಿಯುವುದೇ ಇಲ್ಲ. ಇವತ್ತು ಕಾಯದೆ ಎದ್ದು ಹೋಗುತ್ತಾಳೆ, ಇವತ್ತು ಹೋಗುತ್ತಾಳೆ ಎಂದು ಪ್ರತಿ ಶನಿವಾರವೂ ಹೆದರುತ್ತಿದ್ದೆ.

ಅವಳು ಹೋಗಲಿಲ್ಲ. ಆ ಖಾಲಿ ಹೊತ್ತಿಗೆ ತನ್ನದೇ ಒಂದು ಉಪಾಯ ಮಾಡಿಕೊಂಡಳು. ಎರಡು ಚಪ್ಪಾಳೆ ತಟ್ಟಿ, ಕೈಗಳನ್ನು ತೊಡೆಯ ಮೇಲಿಟ್ಟು, ಅಜ್ಜಿಯ ಕಡೆಗೋ ನನ್ನ ಕಡೆಗೋ ತಿರುಗಿ ದೊಡ್ಡವರ ಹಾಗೆ ಸಮಾಧಾನ ಹೇಳುತ್ತಿದ್ದಳು: "ಈಗ ಬರ್ತದೆ." ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ದಿನವೂ ಅದೇ ಬಸ್ಸಿಗೆ ಕಾಯುವವರು ಹೊಸಬರಿಗೆ ಹೇಳುತ್ತಾರಲ್ಲ, ಅಷ್ಟು ಧೈರ್ಯ ಅವಳ ಮಾತಿನಲ್ಲಿ.

ನಾನು ಮಾಡಿದ ತಪ್ಪು ಇಲ್ಲಿಯದು. ಈ ತಡದ ವಿಷಯ ಗಂಡನಿಗೆ ನಾನು ಹೇಳಲೇ ಇಲ್ಲ.

ಅವನ ಕಡೆಯಿಂದ ನೋಡಿದರೆ ತಡವೇ ಇಲ್ಲವಲ್ಲ! ಮಗಳ ಚಪ್ಪಾಳೆ ಅವನಿಗೆ ಕೇಳಿದ ಕೂಡಲೇ ಅವನು ತಟ್ಟುತ್ತಿದ್ದ. ತಾನು ಸರಿಯಾದ ಹೊತ್ತಿಗೆ ತಟ್ಟಿದೆ ಎಂದೇ ಅವನ ಲೆಕ್ಕ, ಅದು ಸುಳ್ಳೂ ಅಲ್ಲ. ಮೊದಲೇ 'ಬರಲಿಕ್ಕೇ ಬೇಡ' ಎಂದವನು, ನೀನು ಪ್ರತಿ ಸಲವೂ ತಡವಾಗಿ ಬರುತ್ತಿ ಎಂದು ಅವನಿಗೆ ಹೇಗೆ ಹೇಳಲಿ? ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಮೇಲೆ ಅಜ್ಜಂದಿರು "ಎಷ್ಟುಂಟು ಸಿಸ್ಟರ್?" ಎಂದು ಕೇಳುತ್ತಾರೆ. ನಾವು ಅಂಕಿ ಹೇಳುವುದಿಲ್ಲ, "ಸ್ವಲ್ಪ ಜಾಸ್ತಿ ಉಂಟು, ಅಷ್ಟೇ" ಎನ್ನುತ್ತೇವೆ. ಅದೇ ಚಾಳಿ ಮನೆಗೂ ತಂದೆ. ಟೀಚರಿಗೂ, "ದಯವಿಟ್ಟು ಅವನ ಎದುರು ಲೇಟ್ ಆಗ್ತಿದೆ ಅಂತ ಹೇಳ್ಬೇಡಿ," ಎಂದು ಮೆಸೇಜ್ ಹಾಕಿದೆ. "ಹೇಳಿದ್ರೆ ಅವರಿಗೂ ಗೊತ್ತಾಗೋದು ಒಳ್ಳೇದಲ್ವಾ?" ಎಂದು ಅವರು ಕೇಳಿದರು. ನಾನು ಬೇಡ ಎಂದೆ.

ಒಂದು ದಿನ ಅವನೇ ಹೇಳಿದ, "ಅವಳು ನಗ್ಲಿಕ್ಕೆ ಸ್ವಲ್ಪ ಹೊತ್ತು ತೆಗೊಳ್ತಾಳೆ ಅಲ್ವಾ? ನಾನು ಚಪ್ಪಾಳೆ ಹೊಡೆದ ಮೇಲೆ ನನ್ನ ಮುಖವನ್ನೇ ನೋಡ್ತಾಳೆ, ನೋಡ್ತಾಳೆ, ಆಮೇಲೆ ನಗುದು. ನಗ್ಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಾಳೋ ಏನೋ. ನಮ್ಮ ಮಾಂಯ್ ಹಾಗೆ."

ಮಾಂಯ್ ಎಂದರೆ ಅವನ ಅಮ್ಮ, ನನ್ನ ಅತ್ತೆ. ನಾನು, "ಹೌದು ಹೌದು, ಮಾಂಯ್ ಹಾಗೆಯೇ," ಎಂದು ನಕ್ಕು ತಪ್ಪಿಸಿಕೊಂಡೆ. ಆ ಹೊತ್ತಿನಲ್ಲಾದರೂ ಹೇಳಿಬಿಡಬಹುದಿತ್ತು.

ಜುಲೈಯ ಒಂದು ಶನಿವಾರ ಜೋರು ಮಳೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ನಮ್ಮ ಸರದಿ ಬಂತು, ಮಗಳು ತಟ್ಟಿದಳು, ಅದೇ ಕ್ಷಣಕ್ಕೆ ಅವನ ಚಿತ್ರ ಅರ್ಧ ಬಾಯಿ ತೆರೆದ ಹಾಗೆ ನಿಂತುಹೋಯಿತು. "ಈಗ ಬರ್ತದೆ," ಎಂದಳು ಮಗಳು. ಐದು ಸೆಕೆಂಡು. ಹತ್ತು. ಟೀಚರ್ ಏನೋ ಹೇಳಲು ಬಾಯಿ ತೆರೆದರು. "ಈಗ ಬರ್ತದೆ," ಎಂದು ಮತ್ತೆ. ಅವಳ ಸ್ವರ ಸ್ವಲ್ಪ ಸಣ್ಣದಾಯಿತು. ನನ್ನಿಂದ ತಡೆಯಲಾಗಲಿಲ್ಲ. ಅವಳ ಬೆನ್ನ ಹಿಂದೆ ಕೂತು, ದುಪಟ್ಟಾದ ಅಡಿಯಲ್ಲಿ ಕೈಯಿಟ್ಟು, ಆದಷ್ಟು ಗಂಡಸಿನ ಹಾಗೆ ಗಟ್ಟಿಯಾಗಿ ಎರಡು ಚಪ್ಪಾಳೆ ತಟ್ಟಿದೆ.

ಅವಳು ತಿರುಗಿ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ. "ಅದು ಮಮ್ಮಿ," ಎಂದಳು. ಮತ್ತೆ ನಿಂತುಹೋದ ಚಿತ್ರದ ಕಡೆ ತಿರುಗಿ ಕೂತಳು. ಉಳಿದ ಮಕ್ಕಳು ಕುಣಿದರು, ದುಪಟ್ಟಾ ಹಾರಿಸಿದರು, ವಿದಾಯದ ಹಾಡೂ ಮುಗಿಯಿತು. ಅವಳು ಕೈಗಳನ್ನು ತೊಡೆಯ ಮೇಲಿಟ್ಟು ಕಾಯುತ್ತಲೇ ಇದ್ದಳು. ಆ ದಿನ ಅದು ಬರಲಿಲ್ಲ.

ಅತ್ತೆ ಎಲ್ಲ ನೋಡಿದ್ದರು. ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನೀನು ಅವನಿಂದ ಒಂದು ಮುಚ್ಚಿಡ್ತಿ, ಇವಳಿಂದ ಒಂದು ಮುಚ್ಚಿಡ್ತಿ. ನಡುವೆ ನೀನೇ ಬೇಯ್ತಿ. ಊರಿಗೆ ಬಂದವಳು ನೀರಿಗೆ ಬರುದಿಲ್ವಾ ಮಾರಾಯ್ತಿ? ಅವನು ಮನೆಗೆ ಬರ್ಲಿಕ್ಕುಂಟು."

ನನಗೆ ರೇಗಿತು. "ನಿಮಗೆಂತ ಗೊತ್ತು ಮಾಂಯ್, ಅವನು ಹೋದ ಸಲ ಎಂತ ಹೇಳಿದ್ದು ಅಂತ!" ಎಂದುಬಿಟ್ಟೆ. ಅವರು ಅನ್ನದ ಗಂಜಿ ಬಸಿಯತೊಡಗಿದರು.

ಅವನು ಸೆಪ್ಟೆಂಬರಿನಲ್ಲಿ ಬಂದ, ಮೊಂತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ. ಆ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಮಂದಿ ಒಟ್ಟಿಗೆ ತಿನ್ನಬೇಕು. ಊರಲ್ಲಿ ಇಲ್ಲದವರ ಪಾಲನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವುದು ನಮ್ಮಲ್ಲಿ ವಾಡಿಕೆ. ಎಷ್ಟೋ ವರ್ಷ ನಾನೇ ನಾಲ್ಕು ಭತ್ತದ ಕಾಳನ್ನು ಕಾಗದಕ್ಕೆ ಅಂಟಿಸಿ ಅವನಿಗೆ ಕಳಿಸಿದ್ದೇನೆ. ಈ ಸಲ ಲಕೋಟೆ ಬೇಡ ಎಂದು ಅತ್ತೆ ಹಿಗ್ಗಿದರು. ನನಗೆ ಮಾತ್ರ ಹೆದರಿಕೆ. ಡ್ಯೂಟಿಯಲ್ಲಿ ಎರಡು ಸಲ ಒಬ್ಬರದೇ ಟೆಂಪರೇಚರ್ ನೋಡಿದೆ. ಎಂಟು ತಿಂಗಳು ತಪಸ್ಸು ಮಾಡಿದ ಹಾಗೆ ಕೂತಿದ್ದು ಈ ಒಂದು ಸಂಜೆಗೆ. ಇದೂ ಹೋದರೆ ಮತ್ತೆ ಎರಡು ವರ್ಷ, ಆಗ ಅವಳಿಗೆ ಐದೂವರೆ. ಅಷ್ಟರ ಮೇಲೆ ಅವನು ನಿಜವಾಗಿಯೂ ಬರದಿದ್ದರೆ?

ಶುಕ್ರವಾರ ಸಂಜೆ ನಾಲ್ಕೂವರೆಗೆ ಟ್ಯಾಕ್ಸಿ ಬಂತು. ಈ ಸಲ ಅವನು ಬುದ್ಧಿ ಕಲಿತಿದ್ದ. ಕೈ ಚಾಚಲಿಲ್ಲ. ಚಪ್ಪಲಿ ಬಿಚ್ಚಿ, ಕಾಲು ತೊಳೆದು, ಬಾಗಿಲಿನ ಒಳಗೆ ನೆಲದ ಮೇಲೆ ಚಕ್ಕಳಮಕ್ಕಳ ಕೂತ. ಮಗಳು ಅಜ್ಜಿಯ ಸೀರೆಯ ಹಿಂದೆ. ಕಿರುಚಲಿಲ್ಲ. ದೇವರೇ, ಕಿರುಚಲಿಲ್ಲ! ಒಂದು ಕಣ್ಣು ಹೊರಗೆ ಹಾಕಿ ಅವನನ್ನು ಅಳೆಯುತ್ತಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡುವವಳೇ ನಾನು?

"ಚಪ್ಪಾಳೆ ಹೊಡಿ ಪುತಾ," ಎಂದೆ. "ಪಪ್ಪನಿಗೆ ಚಪ್ಪಾಳೆ ಹೊಡಿ."

ಅವಳು ಸ್ವಲ್ಪ ಯೋಚಿಸಿ, ಸೀರೆಯ ಹಿಂದಿನಿಂದ ಎರಡೂ ಕೈ ಹೊರಗೆ ಚಾಚಿ ತಟ್ಟಿದಳು. ಟಪ್ ಟಪ್.

ಅವಳ ಎರಡನೆಯ ಚಪ್ಪಾಳೆ ಮುಗಿಯುವಷ್ಟರಲ್ಲಿ ಅವನು ತಟ್ಟಿಬಿಟ್ಟಿದ್ದ. ಎಂಟು ತಿಂಗಳಿನಿಂದ ಕಾದ ಮನುಷ್ಯ. ಮುಖವೆಲ್ಲ ನಗು.

ಮಗಳ ಹುಬ್ಬು ಗಂಟಾಯಿತು. "ಈಗ ಬರ್ತದೆ" ಎನ್ನಲು ತೆರೆದ ಬಾಯಿ ಹಾಗೆಯೇ ಉಳಿಯಿತು. ಮತ್ತೊಮ್ಮೆ ತಟ್ಟಿದಳು, ಪರೀಕ್ಷೆ ಮಾಡುವ ಹಾಗೆ. ಅವನು ಇನ್ನೂ ಉಮೇದಿನಿಂದ ಅವಳ ಜೊತೆಗೇ ತಟ್ಟಿದ. ಅವಳು, "ಹಾಗೆ ಅಲ್ಲ," ಎಂದಳು. ಮೂರನೆಯ ಸಲವೂ ಹಾಗೆಯೇ ಆಯಿತು. ಅವಳು ಓಡಿ ಒಳಗೆ ಹೋದಳು. ಮಂಚದ ಅಡಿಗೆ ಹೋದಳು ಎಂದುಕೊಂಡೆ. ಇಲ್ಲ, ನನ್ನ ಫೋನ್ ಹಿಡಿದುಕೊಂಡು ಬಂದು, ಅವನನ್ನು ದಾಟಿ, ನನ್ನ ಕೈಗೆ ಕೊಟ್ಟಳು.

"ಪಪ್ಪನಿಗೆ ಫೋನ್ ಮಾಡು," ಎಂದಳು.

ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಅವನು ನಕ್ಕ. "ಲೈನ್ ಬಿಝಿ ಉಂಟು ಅಂತ ಹೇಳು," ಎಂದು ತಮಾಷೆ ಮಾಡಿ, ಬೈರಾಸು ಹೆಗಲಿಗೆ ಹಾಕಿ ಸ್ನಾನಕ್ಕೆ ಹೋದ. ಬಚ್ಚಲಿನಲ್ಲಿ ನೀರು ಬಹಳ ಹೊತ್ತು ಸುರಿಯಿತು.

ಹೊರಗೆ ಬಂದವನಿಗೆ ಚಹಾ ಕೊಟ್ಟೆ. ಸುತ್ತು ಬಳಸಿ ಹೇಳುವ ಜಾಣತನ ನನಗಿಲ್ಲ. "ನೀನು ತಡ ಮಾಡುದಿಲ್ಲ, ಅದಕ್ಕೇ ಹೀಗಾದ್ದು," ಎಂದೆ.

"ಎಂತ?"

"ಅಲ್ಲಿಂದ ನಿನ್ನ ಚಪ್ಪಾಳೆ ಬರುವಾಗ ತಡ ಆಗ್ತದೆ. ಯಾವಾಗಲೂ. ಎರಡು ಸೆಕೆಂಡ್. ಮಳೆ ಇದ್ರೆ ಮೂರು. ಅವಳು ಹೊಡೀತಾಳೆ, ಕಾಯ್ತಾಳೆ, ಆಮೇಲೆ ನಿನ್ನದು ಬರುದು. ಅವಳಿಗೆ ಗೊತ್ತಿರುವ ಪಪ್ಪ ಅದು. ನಾನು ನಿನಗೆ ಹೇಳ್ಲಿಲ್ಲ. ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದರೆ ತಿರುಗಿ ಬೈಯಲು ನನ್ನ ಹತ್ತಿರ ನಾಲ್ಕು ಮಾತು ತಯಾರಿತ್ತು, ಸುಳ್ಳೇಕೆ. ಅವನು ಲೋಟವನ್ನೇ ನೋಡುತ್ತಾ ಏನೋ ಲೆಕ್ಕ ಹಾಕಿದ. ಆಮೇಲೆ ಕೇಳಿದ, "ಹಾಗಾದ್ರೆ ಅವಳು ನಗ್ತಿದ್ದದ್ದು?"

"ಕೂಡಲೇ," ಎಂದೆ. "ನಿನ್ನ ಚಪ್ಪಾಳೆ ಕೇಳಿದ ಕೂಡಲೇ ನಗ್ತಾಳೆ. ಯೋಚನೆ ಗೀಚನೆ ಎಂತದ್ದೂ ಇಲ್ಲ. ನಿನಗೆ ಕಾಣುವಾಗ ತಡ ಆಗುದು."

"ಕೂಡಲೇ ನಗ್ತಿದ್ದಳಾ?" ಎಂದು ಮತ್ತೊಮ್ಮೆ ಕೇಳಿದ. ನಾನು ಹೌದು ಎಂದೆ. ಅವನು ಬೈರಾಸಿನಿಂದ ಮುಖ ಒರೆಸಿಕೊಂಡ. ಸ್ನಾನ ಮಾಡಿ ಬಂದವನ ಮುಖದಲ್ಲಿ ಒರೆಸುವಷ್ಟು ನೀರೇನೂ ಇರಲಿಲ್ಲ. ನಾನು ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಇಷ್ಟು ತಿಂಗಳು ಅವನಿಗೆ ಸಿಗಬೇಕಾಗಿದ್ದ ನಗು ಅದು. ನಾನು ಅವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅದನ್ನೇ ಕೊಡದೆ ಇಟ್ಟಿದ್ದೆ.

ಮರುದಿನ ಶನಿವಾರ. ಕ್ಲಾಸ್ ಇತ್ತು. ಹಿಂದಿನ ಸಂಜೆಯಿಂದ ಮಗಳು ಅವನಿಂದ ನಾಲ್ಕು ಮಾರು ದೂರದಲ್ಲೇ ಇದ್ದಳು. ಅಳುವಿಲ್ಲ, ಸಲಿಗೆಯೂ ಇಲ್ಲ. ಸಂಜೆ ಚಾಪೆ ಹಾಸಿದೆ, ಬುಟ್ಟಿ ಇಟ್ಟೆ, ಫೋನನ್ನು ಅವಳ ಕಣ್ಣಿನ ಎತ್ತರಕ್ಕೆ ಮಣೆಯ ಮೇಲೆ ಒರಗಿಸಿದೆ. ಅತ್ತೆ ಗೆರಟೆ ಹಿಡಿದು ಕೂತರು. ಅವನು ಚಾಪೆಯ ಹಿಂದಿನ ತುದಿಯಲ್ಲಿ ಗೋಡೆಗೆ ಒರಗಿ, ಕಾಲು ಮಡಚಿ ಕೂತ. ಮಗಳು ಅವನಿಗೆ ಬೆನ್ನು ಹಾಕಿ ಪರದೆಯ ಎದುರು ಕೂತು ಎಲ್ಲ ಮುಖಗಳನ್ನೂ ಹುಡುಕಿದಳು. ಪೆಟ್ಟಿಗೆಗಳ ಮುಂದೆ ಕೂತ ಪಪ್ಪ ಇರಲಿಲ್ಲ.

ನಮ್ಮ ಸರದಿ ಬಂತು. ಟೀಚರ್ ಮೈಕು ಬಿಡಿಸಿದರು. ಇವಳು ತಟ್ಟುವುದೇ ಇಲ್ಲವೇನೋ ಎಂದುಕೊಂಡೆ. ಸುಮ್ಮನೆ ಕೂತಿದ್ದಳು. ಅಭ್ಯಾಸಬಲವೋ ಏನೋ, ಕೊನೆಗೆ ತಟ್ಟಿದಳು. ಟಪ್ ಟಪ್. ಕೈಗಳನ್ನು ತೊಡೆಯ ಮೇಲಿಟ್ಟಳು. "ಈಗ ಬರ್ತದೆ," ಎಂದಳು ಅಜ್ಜಿಗೆ.

ನಾನು ಅವನನ್ನು ನೋಡಿದೆ. ಎರಡೂ ಕೈ ಎದೆಯ ಹತ್ತಿರ ಎತ್ತಿ ಹಿಡಿದಿದ್ದ, ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದ. ಒಂದು. ಎರಡು. ಆಯಿತು, ಸಾಕು, ತಟ್ಟು ಎಂದು ಕಣ್ಣಲ್ಲೇ ಹೇಳಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಹೊರಗೆ ಮಳೆ ಬರುತ್ತಿತ್ತು. ಮಳೆಯ ದಿನದ ಮೂರನ್ನೂ ಮುಗಿಸಿ ತಟ್ಟಿದ.

ಟಪ್ ಟಪ್.

ಮಗಳು ಕೂಡಲೇ ನಕ್ಕಳು. ಆಮೇಲೆ ಪರದೆಯನ್ನು ನೋಡಿದಳು, ಪರದೆಯ ಹಿಂದೆ ಬಗ್ಗಿ ನೋಡಿದಳು, ನಿಧಾನವಾಗಿ ತಿರುಗಿ ಅವನನ್ನು ನೋಡಿದಳು. ಅವನ ಕೈಗಳು ಇನ್ನೂ ಕೂಡಿಕೊಂಡೇ ಇದ್ದವು. ಅವಳು ಎದ್ದಳು. ಅತ್ತೆ ಗೆರಟೆಗಳನ್ನು ಮಡಿಲಿಗೆ ಇಳಿಸಿದರು. ಅವನ ಹತ್ತಿರ ಹೋಗಿ, ಅವನ ಕೈಗಳನ್ನು ಬಿಡಿಸಿ ಅಂಗೈಗಳನ್ನು ಒಂದೊಂದಾಗಿ ನೋಡಿದಳು, ಅಲ್ಲೇನೋ ಇಟ್ಟಿದ್ದಾನೆ ಎಂಬಂತೆ. ಆಮೇಲೆ ತಿರುಗಿ, ಪರದೆಯತ್ತ ಮುಖ ಮಾಡಿ, ಕುರ್ಚಿಯಲ್ಲಿ ಕೂರುವಷ್ಟು ಸಲೀಸಾಗಿ ಅವನ ತೊಡೆಯ ಮೇಲೆ ಕೂತಳು.

ಕೂತು ಮತ್ತೆ ತಟ್ಟಿದಳು. ಅವನ ಕೈಗಳು ಈಗ ಅವಳ ಹೊಟ್ಟೆಯ ಎದುರೇ ಇದ್ದವು, ಒಂದು ಗೇಣು ದೂರವೂ ಇಲ್ಲ. ಆದರೂ ಅವನು ತಟ್ಟಲಿಲ್ಲ, ಕಾದ. ಅವಳು ತಲೆ ಎತ್ತಿ, ಕೆಳಗಿನಿಂದ ಅವನ ಗಲ್ಲ ನೋಡಿ, ಅವನಿಗೇ ಸಮಾಧಾನ ಹೇಳಿದಳು.

"ಈಗ ಬರ್ತದೆ."

"ಹೌದು ಪುತಾ," ಎಂದ ಅವನು. "ಬರ್ತದೆ."